ಡಿಕ್ರಿ ಆಯ್ತು, ದುಡ್ಡು ಯಾವಾಗ ಬರುತ್ತೆ?

"ಕೇಸು ಗೆದ್ದಿದೀವಿ, ಡಿಕ್ರಿನೂ ಆಗಿದೆ, ದುಡ್ಡು ಮಾತ್ರ ಬಂದಿಲ್ಲ" ಅಂತ ಹೇಳಿಕೊಂಡು ನಮ್ಮ ಅಂಗಡಿಗೆ ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಡಿಕ್ರಿ ಅಂದರೆ ದಾವೆ ಮುಗಿದ ಮೇಲೆ ಯಾರು ಯಾರಿಗೆ ಏನು ಕೊಡಬೇಕು ಅಂತ ಕೋರ್ಟು ಬರೆದುಕೊಡುವ ಆದೇಶ. ನಾನು ವಕೀಲಳಲ್ಲ. ತಿಪಟೂರಿನಲ್ಲಿ ನಮ್ಮದು ಸಿಮೆಂಟು, ಕಂಬಿ ಮಾರುವ ಅಂಗಡಿ. ಅಪ್ಪ ಶುರುಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ನಮಗೆ ಬರಬೇಕಿದ್ದ ಒಂದು ದೊಡ್ಡ ಬಾಕಿಯನ್ನು ಆಸ್ತಿ ಜಪ್ತಿ ಮಾಡಿಸಿ ವಸೂಲು ಮಾಡಿದೆವು ಅನ್ನುವ ಸುದ್ದಿ ಊರಲ್ಲಿ ಹರಡಿದೆ. ಹಾಗಾಗಿ ಇಟ್ಟಿಗೆ ಭಟ್ಟಿಯವರು, ಕೊಬ್ಬರಿ ವ್ಯಾಪಾರದವರು, ಮಗಳ ಮದುವೆಗೆ ಇಟ್ಟಿದ್ದ ದುಡ್ಡು ಸಾಲ ಕೊಟ್ಟು ಕಳೆದುಕೊಂಡವರು ಬಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ನಿಂತು ಹೇಳುವುದಕ್ಕಿಂತ ಒಂದು ಕಡೆ ಬರೆದಿಡೋಣ ಅನ್ನಿಸಿತು.

ಬಂದವರಲ್ಲಿ ಬಹಳ ಜನ ಡಿಕ್ರಿಯ ಪ್ರತಿಯನ್ನು ಬೀರುವಿನಲ್ಲಿಟ್ಟು, ಕೋರ್ಟಿನವರೇ ಎದುರಾಳಿಯನ್ನು ಕರೆಸಿ ದುಡ್ಡು ಕಟ್ಟಿಸುತ್ತಾರೆ ಅಂತ ಕಾಯುತ್ತಿರುತ್ತಾರೆ. ಕೋರ್ಟು ತಾನಾಗಿ ಯಾರನ್ನೂ ಕರೆಸುವುದಿಲ್ಲ. ಡಿಕ್ರಿದಾರರೇ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಕೊಡಿ ಅನ್ನುವ ಅರ್ಜಿ, ಹಾಕಬೇಕು. ಕೋರ್ಟಿನ ಆವರಣದಲ್ಲಿ ಅದನ್ನು ಎಲ್ಲರೂ ಇ.ಪಿ. ಅನ್ನುತ್ತಾರೆ. ಅದಕ್ಕೆ ಡಿಕ್ರಿ ಜಾರಿಗೆ ಬಂದ ದಿನದಿಂದ 12 ವರ್ಷ ಕಾಲಮಿತಿ ಇದೆ. ಎರಡು ವರ್ಷ ದಾಟಿದ ಮೇಲೆ ಹಾಕಿದರೆ ಎದುರಾಳಿಗೆ ಮೊದಲು ನೋಟಿಸು ಹೋಗಬೇಕು. ನೋಟಿಸು ಹೋದ ಮೇಲೆ ಅವರು ಸುಮ್ಮನೆ ಕೂರುತ್ತಾರೆಯೇ? ಆಸ್ತಿ ಹೆಂಡತಿಯ ಹೆಸರಿಗೋ ಬಾಮೈದನ ಹೆಸರಿಗೋ ಹೋಗಲು ಹೆಚ್ಚು ದಿನ ಬೇಕಿಲ್ಲ. ಆದ್ದರಿಂದ ಡಿಕ್ರಿ ಆದ ಬೆನ್ನಿಗೇ ಇ.ಪಿ. ಹಾಕಿ ಅಂತ ಎಲ್ಲರಿಗೂ ಹೇಳುತ್ತೇನೆ. ಅಪೀಲು ಹೋಗಿದ್ದಾರಂತೆ, ಈಗ ಹಾಕಿದರೆ ಏನುಪಯೋಗ ಅಂತ ಕೆಲವರು ಕೇಳುತ್ತಾರೆ. ಅಪೀಲು ಹಾಕಿದ ಮಾತ್ರಕ್ಕೆ ತಡೆಯಾಜ್ಞೆ ಸಿಕ್ಕಂತಲ್ಲ. ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಬೇಕು. ಹಣದ ಡಿಕ್ರಿಯಾದರೆ ಕೋರ್ಟು ಸಾಮಾನ್ಯವಾಗಿ ಠೇವಣಿಯನ್ನೋ ಭದ್ರತೆಯನ್ನೋ ಕೇಳುತ್ತದೆ.

ನಮ್ಮ ಎದುರಾಳಿ ಒಬ್ಬ ಕಟ್ಟಡ ಕಂಟ್ರಾಕ್ಟರ್. ಹೆಸರು ಬೇಡ. ಅಪ್ಪನಿಗೆ ಅವರು ಬಹಳ ವರ್ಷದ ಗಿರಾಕಿ. 2011ರಿಂದ ಎರಡು ದೊಡ್ಡ ಕಟ್ಟಡಗಳಿಗೆ ನಮ್ಮಲ್ಲಿಂದಲೇ ಸಿಮೆಂಟು, ಕಂಬಿ ಹೋಯಿತು. ಕಟ್ಟಡ ಮುಗಿದು ಮಾಲೀಕರು ಗೃಹಪ್ರವೇಶವನ್ನೂ ಮಾಡಿಕೊಂಡರು. ನಮ್ಮ ಲೆಡ್ಜರಿನಲ್ಲಿ 7 ಲಕ್ಷ 20 ಸಾವಿರ ಹಾಗೇ ಉಳಿಯಿತು. ಕೇಳಿದಾಗಲೆಲ್ಲ "ಮುಂದಿನ ಬಿಲ್ಲು ಪಾಸಾಗಲಿ ಯಜಮಾನ್ರೇ" ಅನ್ನುವುದೇ ಉತ್ತರ. ಮೂರು ವರ್ಷದ ಕಾಲಮಿತಿ ಮುಗಿಯುವ ಮೊದಲೇ, 2014ರಲ್ಲಿ, ಅಪ್ಪ ದಾವೆ ಹೂಡಿದರು. ನಮ್ಮ ಕೈಯಲ್ಲಿ ಅವರ ಮೇಸ್ತ್ರಿಯ ಸಹಿ ಇರುವ ಡೆಲಿವರಿ ಚೀಟಿಗಳಿದ್ದವು. 2017ರಲ್ಲಿ ಅಸಲು, ದಾವೆಯ ದಿನದಿಂದ ನೂರಕ್ಕೆ 9ರ ಬಡ್ಡಿ, ಖರ್ಚು ಎಲ್ಲ ಸೇರಿಸಿ ಡಿಕ್ರಿ ಆಯಿತು.

ದಾವೆ ನಡೆಯುತ್ತಿರುವಾಗಲೇ ಅವರು ಒಂದು ಸೈಟು ಮಾರಿದರು. ವಿಷಯ ತಿಳಿದ ಕೂಡಲೇ ನಮ್ಮ ವಕೀಲರು ತೀರ್ಪಿಗೆ ಮುಂಚಿನ ಜಪ್ತಿಗೆ ಅರ್ಜಿ ಹಾಕಿದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 38, ನಿಯಮ 5 ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಎದುರಾಳಿಯ ಹತ್ತಿರ ಆಸ್ತಿ ಇದೆ, ನಮಗೆ ಬಾಕಿ ಇದೆ ಅಂದರೆ ಸಾಲದು. ಡಿಕ್ರಿಯನ್ನು ವ್ಯರ್ಥ ಮಾಡಲೆಂದೇ ಅವರು ಆಸ್ತಿ ಸಾಗಿಸುತ್ತಿದ್ದಾರೆ ಅಂತ ತೋರಿಸಬೇಕು. ಮಾರಿದ ಸೈಟಿನ ಕ್ರಯಪತ್ರದ ನಕಲು ನಮ್ಮ ಅರ್ಜಿಯ ಜೊತೆ ಇತ್ತು. ಕೋರ್ಟು ಕಾರಣ ಕೇಳಿದ ಮೇಲೆ, ಉಳಿದ ಸೈಟನ್ನು ತೀರ್ಪಿನವರೆಗೆ ಪರಭಾರೆ ಮಾಡುವುದಿಲ್ಲ ಅಂತ ಅವರು ಮುಚ್ಚಳಿಕೆ ಬರೆದುಕೊಟ್ಟರು. ಆ ಒಂದು ಹಾಳೆ ಇಲ್ಲದೇ ಹೋಗಿದ್ದರೆ ಇವತ್ತು ಈ ಬರಹವೂ ಇರುತ್ತಿರಲಿಲ್ಲ.

ಡಿಕ್ರಿ ಆದ ದಿನ ಅಪ್ಪ ಸ್ವೀಟು ಹಂಚಿದರು. ನಮ್ಮ ವಕೀಲರು ಅಪ್ಪನ ಓರಗೆಯವರು, ನನ್ನನ್ನು ಚಿಕ್ಕಂದಿನಿಂದ ನೋಡಿದವರು. ಅವತ್ತು ನನ್ನೊಬ್ಬಳನ್ನೇ ಕೂರಿಸಿಕೊಂಡು, "ನೋಡಮ್ಮ, ಇನ್ನು ಮೇಲೆ ನೀನು ಓಡಾಡಬೇಕು, ಅಪ್ಪನ ಕೈಲಿ ಆಗಲ್ಲ. ಅವರ ಹೆಸರಲ್ಲಿ ಎಲ್ಲೆಲ್ಲಿ ಏನೇನಿದೆ ಅಂತ ಮೊದಲು ಪಟ್ಟಿ ಮಾಡ್ಕೊಂಡು ಬಾ. ಇಂಥ ಆಸ್ತಿ ಅಂತ ನಾವು ತೋರಿಸದೆ ಕೋರ್ಟು ಯಾವುದನ್ನೂ ಜಪ್ತಿ ಮಾಡಲ್ಲ" ಅಂದರು. ಅವತ್ತೇ ಅಪ್ಪನಿಂದ ಜಿ.ಪಿ.ಎ., ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಬರೆಸಿಕೊಂಡೆ.

ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಕೊನೆಯ ಅಪೀಲು ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಒಂದು ಮಾತು ಬರೆದಿತ್ತು: ಈ ದೇಶದಲ್ಲಿ ದಾವೆದಾರನ ಕಷ್ಟಗಳು ಶುರುವಾಗುವುದೇ ಅವನಿಗೆ ಡಿಕ್ರಿ ಸಿಕ್ಕ ಮೇಲೆ ಅಂತ. ವಕೀಲರು ಅದನ್ನು ಹೇಳಿದಾಗ ನನಗೆ ದುಃಖವೇ ಆಯಿತು. ಒಂದೂವರೆ ಶತಮಾನ ಕಳೆದಿದೆ. ನಮ್ಮ ಬೆಂಗಳೂರಿನದೇ ಒಂದು ಜಮೀನು ವ್ಯಾಜ್ಯ ದೆಹಲಿ ಮುಟ್ಟಿದಾಗ, 2021ರ ಏಪ್ರಿಲ್‌ನಲ್ಲಿ, ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳೊಳಗೆ ಮುಗಿಸಬೇಕು, ಆಗದಿದ್ದರೆ ಕಾರಣ ಬರೆದಿಡಬೇಕು ಅಂತ ಸುಪ್ರೀಂ ಕೋರ್ಟು ಹೇಳಿತು. 2025ರಲ್ಲಿ ಅದೇ ಸುಪ್ರೀಂ ಕೋರ್ಟು ದೇಶದ ಲೆಕ್ಕ ತರಿಸಿದಾಗ 8 ಲಕ್ಷ 82 ಸಾವಿರಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿ ಇದ್ದವು. ಕರ್ನಾಟಕದ ಅಂಕಿ ಆ ಲೆಕ್ಕದಲ್ಲಿ ಸೇರಿರಲಿಲ್ಲ. ಅಷ್ಟೂ ಅರ್ಜಿಗಳ ಹಿಂದೆ ಗೆದ್ದವರಿದ್ದಾರೆ, ನ್ಯಾಯ ನಿನ್ನ ಕಡೆ ಇದೆ ಅಂತ ಕೋರ್ಟೇ ಬರೆದುಕೊಟ್ಟವರಿದ್ದಾರೆ.

ಆಸ್ತಿ ಹುಡುಕುವ ವಿಷಯಕ್ಕೆ ಬರುತ್ತೇನೆ. ಕೇಳಲು ಬಂದವರಿಗೆ ಹೆಚ್ಚು ಉಪಯೋಗವಾಗುವುದು ಇದೇ.

ನಗರಸಭೆಯ ವ್ಯಾಪ್ತಿಯ ಸೈಟು, ಮನೆಯಾದರೆ ಖಾತಾ ನಕಲು ಬೇಕು, ಜೊತೆಗೆ ಆಸ್ತಿಯ ಮೇಲೆ ನೋಂದಣಿಯಾದ ವಹಿವಾಟು, ಋಣಗಳನ್ನು ತೋರಿಸುವ ಇ.ಸಿ. ಬೇಕು. ಹಳ್ಳಿಯ ನಿವೇಶನವಾದರೆ ಪಂಚಾಯ್ತಿಯ ಇ-ಸ್ವತ್ತು. ಜಮೀನಾದರೆ ಪಹಣಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ 2004ರಿಂದ ಈಚಿನ ಇ.ಸಿ. ಮನೆಯಲ್ಲೇ ಕೂತು ತೆಗೆಯಬಹುದು. ಅದಕ್ಕೂ ಹಿಂದಿನದು ಬೇಕೆಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಬೇಕು. ವಹಿವಾಟು ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಕೊಡುತ್ತಾರೆ. ಪಹಣಿಯನ್ನು ಕಂದಾಯ ಇಲಾಖೆಯ ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರು ಹಾಕಿದರೆ ಯಾರು ಬೇಕಾದರೂ ನೋಡಬಹುದು. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅದು ಅವರಿಗೆ ಹೇಗೆ ಬಂತು, 11ರಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು. ಸೊಸೈಟಿ ಸಾಲ, ಬ್ಯಾಂಕಿನ ಅಡಮಾನ, ಕೋರ್ಟಿನ ಆದೇಶ ಎಲ್ಲವೂ ಆ 11ನೇ ಕಾಲಂನ ಸಣ್ಣ ಅಕ್ಷರದಲ್ಲೇ ಇರುತ್ತವೆ. ಹೆಸರು ನೋಡಿ ಕಾಗದ ಮಡಚಿಡುವವರಿಗೆ ನಾನು ಹೇಳುವುದು ಒಂದೇ: 10 ಮತ್ತು 11ನ್ನು ಓದಿ. 10ನೇ ಕಾಲಂನಲ್ಲಿ ಮಂಜೂರಾತಿ ಅಂತ ಕಂಡರೆ, ಅದು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನೇ ಅಂತ ಮೊದಲು ವಿಚಾರಿಸಿ. ಅಂಥ ಜಮೀನಿನ ಪರಭಾರೆಗೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಹಾಕಿರುವ ನಿರ್ಬಂಧ ಕೋರ್ಟಿನ ಡಿಕ್ರಿಯ ಮೇಲೆ ಆಗುವ ಹರಾಜಿಗೂ ಅನ್ವಯಿಸುತ್ತದೆ. ಆ ಬಡವರ ಭೂಮಿ ಕೈತಪ್ಪಬಾರದು ಅಂತಲೇ ಮಾಡಿದ ಕಾನೂನು ಅದು. ಅದನ್ನು ದಾಟಿ ಹೋಗುವ ದಾರಿ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ.

ಎದುರಾಳಿಯಿಂದಲೇ ಆಸ್ತಿ ವಿವರ ಕೇಳುವ ದಾರಿಯೂ ಇದೆ. ಆದೇಶ 21ರ ನಿಯಮ 41ರಲ್ಲಿ ಅರ್ಜಿ ಕೊಟ್ಟರೆ ಅವರು ತಮ್ಮ ಆಸ್ತಿಪಾಸ್ತಿಯ ಅಫಿಡವಿಟ್ಟು ಸಲ್ಲಿಸಬೇಕು ಅಂತ ಕೋರ್ಟು ಆದೇಶ ಮಾಡಬಹುದು. ಮಾತು ಮೀರಿದರೆ ಮೂರು ತಿಂಗಳವರೆಗೆ ಸಿವಿಲ್ ಜೈಲು. ಬಂದವರಲ್ಲಿ ಅನೇಕರಿಗೆ ಜೈಲು ಅನ್ನುವ ಮಾತು ಕೇಳಿದ ಕೂಡಲೇ ಕಣ್ಣರಳುತ್ತದೆ. "ಒಳಗೆ ಹಾಕಿಸಿದ್ರೆ ದುಡ್ಡು ತಾನಾಗಿ ಬರುತ್ತಲ್ಲಮ್ಮ" ಅನ್ನುತ್ತಾರೆ. ಕೊಡಲು ಏನೂ ಇಲ್ಲದವರನ್ನು ಬರೀ ಸಾಲದ ಕಾರಣಕ್ಕೆ ಜೈಲಿಗೆ ಹಾಕುವಂತಿಲ್ಲ, ಕೊಡುವ ಶಕ್ತಿ ಇದ್ದೂ ಕೆಟ್ಟ ಉದ್ದೇಶದಿಂದ ಕೊಡದಿರಬೇಕು ಅಂತ ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ಅದು ಸರಿಯಾದ ಮಾತು. ನಮಗೆ ಬೇಕಿರುವುದು ನಮ್ಮ ದುಡ್ಡು. ಇನ್ನೊಬ್ಬರ ಮನೆ ಯಜಮಾನ ಜೈಲಿಗೆ ಹೋಗುವುದರಿಂದ ನಮಗೇನೂ ಸಿಗುವುದಿಲ್ಲ.

ನಮಗೆ ಸಿಕ್ಕಿದ್ದು ಎರಡು ಆಸ್ತಿ. ಊರೊಳಗಿನ ಒಂದು ಮೂವತ್ತು-ನಲವತ್ತು ಸೈಟು, ಅದರಲ್ಲೊಂದು ಶೀಟಿನ ಗೋಡೌನು. ಪಕ್ಕದ ಜಿಲ್ಲೆಯಲ್ಲಿ ತೆಂಗಿನ ತೋಟ. ಇ.ಪಿ.ಯಲ್ಲಿ ಆಸ್ತಿಯ ವಿವರವನ್ನು ಚಕ್ಕುಬಂದಿ ಸಮೇತ ಬರೆಯಬೇಕು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸೈಟು, ಹೀಗೆ. ಚಕ್ಕುಬಂದಿಯಲ್ಲಿ ಒಂದು ದಿಕ್ಕು ಹೆಚ್ಚುಕಡಿಮೆಯಾದರೂ ಮುಂದೆ ತಕರಾರಿಗೆ ಎಡೆಯಾಗುತ್ತದೆ ಅಂತ ವಕೀಲರು ನನ್ನಿಂದ ಸ್ಥಳದಲ್ಲೇ ಅಳತೆ ಹಿಡಿಸಿದರು.

ಜಪ್ತಿಯ ದಿನದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಓಡಾಟದ ಖರ್ಚು (ಬ್ಯಾಟಾ) ಕಟ್ಟಿದ ಮೇಲೆ ಕೋರ್ಟಿನ ಆದೇಶ ಜಾರಿ ಮಾಡುವ ಅಮೀನರು ಆದೇಶದ ಪ್ರತಿಗಳನ್ನು ಒಂದು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಬಂದರು. ಜೊತೆಗೆ ತಮಟೆಯವರು. ಜಪ್ತಿಯ ಆದೇಶವನ್ನು ಆಸ್ತಿಯಿರುವ ಜಾಗದಲ್ಲಿ ಡಂಗುರ ಹೊಡೆಸಿಯೋ ಅಲ್ಲಿನ ರೂಢಿಯಂತೆಯೋ ಸಾರಬೇಕು ಅನ್ನುವ ನಿಯಮ 1908ರಿಂದ ಹಾಗೇ ಉಳಿದಿದೆ. ಗೋಡೌನಿನ ಕಬ್ಬಿಣದ ಗೇಟಿಗೆ ಅಮೀನರು ಗೋಂದು ಸವರಿ ಆದೇಶ ಅಂಟಿಸಿದರು. ಒಂದು ಮೂಲೆ ಗಾಳಿಗೆ ಏಳುತ್ತಿತ್ತು, ಬೆರಳಿನಿಂದ ಒತ್ತಿ ಹಿಡಿದು ಸ್ವಲ್ಪ ಹೊತ್ತು ನಿಂತರು. ತಮಟೆ ಸದ್ದಿಗೆ ಅಕ್ಕಪಕ್ಕದ ಮನೆಯವರು ಹೊರಗೆ ಬಂದರು. ಇಂಥವರ ಈ ಸ್ವತ್ತನ್ನು ಕೋರ್ಟು ಜಪ್ತಿ ಮಾಡಿದೆ, ಇದನ್ನು ಯಾರೂ ಕೊಳ್ಳಬಾರದು, ಬರೆಸಿಕೊಳ್ಳಬಾರದು ಅಂತ ಅಮೀನರು ಜೋರಾಗಿ ಓದಿದರು. ಆಮೇಲೆ ಪಕ್ಕದ ಜಗಲಿಯ ಮೇಲೆ ಕೂತು ಮಹಜರು ಬರೆದರು. ಪಂಚರಾಗಿ ಸಹಿ ಹಾಕಲು ಮೊದಲು ಯಾರೂ ಮುಂದೆ ಬರಲಿಲ್ಲ, ನೆರೆಹೊರೆಯವರಿಗೆ ಮುಜುಗರ. ಕೊನೆಗೆ ಎದುರಿನ ಗಿರಣಿಯವರು, "ಇವರ ಅಪ್ಪ ನಮಗೆ ಬೇಕಾದವರು" ಅಂತ ಪೆನ್ನು ತೆಗೆದುಕೊಂಡರು. ಕಂಟ್ರಾಕ್ಟರ್ ಹೆಂಡತಿ ಗೋಡೌನಿನ ಬಾಗಿಲಲ್ಲಿ ನಿಂತಿದ್ದರು. ಹಬ್ಬಕ್ಕೆ ನಮ್ಮನೆಗೆ ಬಂದು ಅರಿಶಿನ ಕುಂಕುಮ ತೆಗೆದುಕೊಂಡು ಹೋದವರು. ನನ್ನ ಮುಖ ನೋಡಲಿಲ್ಲ, ನಾನೂ ಮಾತಾಡಿಸಲಿಲ್ಲ. ನನಗೆ ನೋವಾಯಿತು. ಆದರೂ, ನಾವು ಕಂಪನಿಗೆ ಕಟ್ಟಬೇಕಾದ ದುಡ್ಡಿಗೆ ಅಮ್ಮ ಬಳೆ ಅಡವಿಟ್ಟಿದ್ದೂ ಅವತ್ತು ನೆನಪಿಗೆ ಬಂತು.

ಗೇಟಿಗೆ ಅಂಟಿಸಿದ ಪ್ರತಿ ಕೋರ್ಟಿನ ನೋಟಿಸ್ ಬೋರ್ಡಿಗೂ ಹೋಗುತ್ತದೆ. ಕಂದಾಯದ ಜಮೀನಾದರೆ ಜಿಲ್ಲಾಧಿಕಾರಿ ಕಚೇರಿಗೆ, ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯ್ತಿ ಕಚೇರಿಗೆ ಕೂಡ. ಇಲ್ಲಿಗೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಇವತ್ತು ಸೈಟು ಕೊಳ್ಳುವವರು ಗೇಟು ನೋಡುವುದಿಲ್ಲ, ಇ.ಸಿ. ನೋಡುತ್ತಾರೆ. ಅದಕ್ಕೇ ಜಪ್ತಿ ಆದೇಶವನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೂ ತಹಶೀಲ್ದಾರ್ ಕಚೇರಿಗೂ ಕಳಿಸಿಕೊಡಿ ಅಂತ ಕೋರ್ಟಿಗೆ ಮೆಮೊ ಹಾಕಿದೆವು. ಹೋದ ಪತ್ರ ತಲುಪಿತೇ, ದಾಖಲಾಯಿತೇ ಅಂತ ನಾನೇ ಹಿಂದೆ ಬಿದ್ದು ನೋಡಿಕೊಂಡೆ. ಸೈಟಿನ ಇ.ಸಿ.ಯಲ್ಲಿ ಕೋರ್ಟಿನ ಹೆಸರು, ಇ.ಪಿ. ನಂಬರು ಕಂಡ ಮೇಲೇ ನನಗೆ ನಿದ್ದೆ ಬಂದದ್ದು.

ಜಪ್ತಿಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದರಲ್ಲಿ ಜನರಿಗೆ ಬಹಳ ಗೊಂದಲವಿದೆ. ವಕೀಲರು ನನಗೆ ಹೇಳಿದ್ದನ್ನೇ ಹೇಳುತ್ತೇನೆ: "ಜಪ್ತಿ ಅಂದ್ರೆ ಹಸೂನ ಗೂಟಕ್ಕೆ ಕಟ್ಟಿದ ಹಾಗಮ್ಮ, ಹಾಲು ಕರೆಯೋದು ಬೇರೆ ಕೆಲಸ." ಜಪ್ತಿಯಾದ ಆಸ್ತಿಯನ್ನು ಅವರು ಆಮೇಲೆ ಯಾರಿಗಾದರೂ ಮಾರಿದರೆ ಆ ಕ್ರಯ ನಮ್ಮ ಡಿಕ್ರಿಯ ಮುಂದೆ ನಿಲ್ಲುವುದಿಲ್ಲ. ಸಂಹಿತೆಯ 64ನೇ ಕಲಂ ಹೇಳುವುದು ಇದನ್ನೇ. ಆದರೆ ಆಸ್ತಿ ನಮ್ಮದಾಗುವುದಿಲ್ಲ. ಅದರ ಮೇಲೆ ನಮಗೆ ಅಡಮಾನದಂಥ ಹಕ್ಕೂ ಹುಟ್ಟುವುದಿಲ್ಲ. ಜಪ್ತಿಗೆ ಮುಂಚೆಯೇ ಬ್ಯಾಂಕಿಗೆ ಅಡಮಾನವಾಗಿದ್ದರೆ ಬ್ಯಾಂಕಿನ ಸಾಲ ತೀರಿದ ಮೇಲೆ ಉಳಿದದ್ದು ನಮಗೆ. ಜಪ್ತಿಗೆ ಮುಂಚೆಯೇ ರಿಜಿಸ್ಟರ್ ಆದ ಮಾರಾಟದ ಕರಾರು ಇದ್ದರೆ, ಆ ಕರಾರಿನಂತೆ ಆಮೇಲೆ ಆಗುವ ಕ್ರಯವನ್ನು ತಡೆಯಲು ಆಗುವುದಿಲ್ಲ. ಹರಾಜಿನ ಹಣ ಕೋರ್ಟಿಗೆ ಬರುವ ಮೊದಲು ಅದೇ ಸಾಲಗಾರರ ಮೇಲೆ ಹಣದ ಡಿಕ್ರಿ ಇರುವ ಬೇರೆಯವರೂ ಆ ಕೋರ್ಟಿಗೆ ಅಮಲ್ಜಾರಿ ಅರ್ಜಿ ಕೊಟ್ಟಿದ್ದರೆ, ಹಣವನ್ನು ಎಲ್ಲರಿಗೂ ಪ್ರಮಾಣದಂತೆ ಹಂಚಬೇಕು. ಮೊದಲು ಜಪ್ತಿ ಮಾಡಿಸಿದೆವು ಅನ್ನುವುದಕ್ಕೆ ಅಲ್ಲಿ ಮೊದಲ ಪಾಲು ಇಲ್ಲ.

ನನ್ನ ಚಿಕ್ಕಪ್ಪನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿ ತೀರ್ಪಿನ ಸಾರಾಂಶದ ಒಂದು ಕಾಗದವನ್ನು ಕೋರ್ಟಿನಿಂದ ಪಡೆದು ಕೌಂಟಿಯ ರೆಕಾರ್ಡರ್ ಕಚೇರಿಯಲ್ಲಿ ದಾಖಲು ಮಾಡಿಸಿದರೆ, ಆ ಕೌಂಟಿಯಲ್ಲಿ ಸಾಲಗಾರರ ಹೆಸರಿನಲ್ಲಿರುವ ಸ್ಥಿರಾಸ್ತಿಯ ಮೇಲೆಲ್ಲ ಹಕ್ಕು ಕೂರುತ್ತದಂತೆ, ಮುಂದೆ ಅವರು ಕೊಳ್ಳುವ ಆಸ್ತಿಯ ಮೇಲೂ. ತೀರ್ಪಿನಿಂದ 10 ವರ್ಷ ಇರುತ್ತದೆ, ನವೀಕರಿಸಲೂಬಹುದು. ಸಾಲಗಾರರು ಮನೆ ಮಾರುವಾಗಲೋ ಮರುಸಾಲ ಪಡೆಯುವಾಗಲೋ ಆ ಬಾಕಿ ತೀರಿಸಲೇಬೇಕಾಗುತ್ತದೆ. ಆಸ್ತಿ ಯಾವುದು, ಚಕ್ಕುಬಂದಿ ಏನು ಅಂತ ಗೆದ್ದವರು ಹುಡುಕುತ್ತಾ ಅಲೆಯಬೇಕಿಲ್ಲ. ಇದನ್ನು ಕೇಳಿದಾಗಿನಿಂದ ನನ್ನ ಮನಸ್ಸಿನಲ್ಲಿ ಒಂದೇ ಮಾತು ಕೂತಿದೆ. ನಮ್ಮಲ್ಲಿ ಪಹಣಿ ಭೂಮಿಯಲ್ಲಿದೆ, ನೋಂದಣಿ ಕಾವೇರಿಯಲ್ಲಿದೆ, ಪಂಚಾಯ್ತಿ ಸ್ವತ್ತು ಇ-ಸ್ವತ್ತಿನಲ್ಲಿದೆ, ಕೋರ್ಟಿನ ಆದೇಶಗಳು ಇ-ಕೋರ್ಟ್ಸ್‌ನಲ್ಲಿವೆ. ಹಣದ ಡಿಕ್ರಿ ಆದ ದಿನವೇ ಅದು ಸಾಲಗಾರರ ಆಸ್ತಿಯ ಇ.ಸಿ.ಯಲ್ಲೂ ಪಹಣಿಯ 11ನೇ ಕಾಲಂನಲ್ಲೂ ತಾನಾಗಿ ಕಾಣಿಸಿಕೊಳ್ಳುವ ಹಾಗೆ ಕಾನೂನು ಯಾಕೆ ಬದಲಾಗಬಾರದು? ಅಪೀಲು ಗೆದ್ದರೆ ಅಳಿಸಿದರಾಯಿತು. ಕೂಲಿ ಬಾಕಿಗೆ ಡಿಕ್ರಿ ಪಡೆದವರು, ಗಂಡ ಸತ್ತ ಮೇಲೆ ಪರಿಹಾರಕ್ಕೆ ಹೋರಾಡಿದವರು ಆಸ್ತಿ ಹುಡುಕುವ ಖರ್ಚನ್ನು ಎಲ್ಲಿಂದ ತರಬೇಕು? ನನಗೆ ಅಂಗಡಿ ಇತ್ತು, ಬೈಕ್ ಇತ್ತು, ಓದು ಬರಹ ಬರುತ್ತಿತ್ತು. ಅವು ಯಾವುವೂ ಇಲ್ಲದವರ ಡಿಕ್ರಿಗೆ ಬೆಲೆ ಇಲ್ಲವೇ?

ತೋಟದ ಕಥೆ ಬೇರೆಯೇ ಆಯಿತು. ಅದು ನಮ್ಮ ಕೋರ್ಟಿನ ವ್ಯಾಪ್ತಿಯ ಹೊರಗಿದ್ದದ್ದರಿಂದ ಡಿಕ್ರಿಯನ್ನು ಆ ಕೋರ್ಟಿಗೆ ವರ್ಗಾಯಿಸಬೇಕಾಯಿತು. ಡಿಕ್ರಿಯ ಪ್ರತಿ, ಇಲ್ಲಿಯವರೆಗೆ ಹಣ ವಸೂಲಾಗಿಲ್ಲ ಅನ್ನುವ ಸರ್ಟಿಫಿಕೇಟು ಎಲ್ಲ ಹೋದವು. ಅಲ್ಲಿ ಜಪ್ತಿ ಆಯಿತು, 11ನೇ ಕಾಲಂನಲ್ಲಿ ನಮೂದೂ ಆಯಿತು. ಆಗ ಕಂಟ್ರಾಕ್ಟರ್ ತಂಗಿ ತಕರಾರು ಅರ್ಜಿ ಹಾಕಿದರು. ಅವರ ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ (ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಆಗುವುದು) ಅಣ್ಣನ ಹೆಸರಿಗೆ ಮಾತ್ರ ಆಗಿತ್ತು, ತೋಟದಲ್ಲಿ ತನಗೂ ಅರ್ಧ ಪಾಲಿದೆ ಅಂತ ಅವರ ವಾದ. ಇಂಥ ತಕರಾರನ್ನು ಬೇರೆ ದಾವೆ ಇಲ್ಲದೆ ಅಮಲ್ಜಾರಿ ಕೋರ್ಟೇ ವಿಚಾರಿಸಿ ತೀರ್ಮಾನ ಮಾಡುತ್ತದೆ. ಕೊಟ್ಟ ಆದೇಶಕ್ಕೆ ಡಿಕ್ರಿಯಷ್ಟೇ ಬಲ. ಅಣ್ಣನೇ ತಂಗಿಯ ಕೈಲಿ ಹಾಕಿಸಿದ್ದು ಅಂತ ಊರವರೆಲ್ಲ ಹೇಳಿದರು. ಇರಬಹುದು. ಆದರೆ ಆಕೆಯ ಪಾಲು ನಿಜವಾಗಿಯೂ ಆಕೆಯದೇ. ಅಣ್ಣ ಮಾಡಿದ ಸಾಲಕ್ಕೆ ತಂಗಿಯ ತೆಂಗಿನ ಮರ ಹರಾಜಾಗುವುದು ನನಗೆ ಬೇಡವಾಗಿತ್ತು. ಆಕೆಯ ಅರ್ಧಕ್ಕೆ ನಮ್ಮ ವಿರೋಧವಿಲ್ಲ ಅಂತ ವಕೀಲರಿಂದ ಹೇಳಿಸಿದೆ, ಕೋರ್ಟು ಅಷ್ಟನ್ನು ಜಪ್ತಿಯಿಂದ ಬಿಡಿಸಿತು. ಉಳಿದ ಅರ್ಧ ವಿಭಾಗವಾಗದ ಪಾಲು. ಅದನ್ನು ಹರಾಜಿನಲ್ಲಿ ಕೊಂಡವರು ವಿಭಾಗದ ದಾವೆ ಹಾಕಿ ಬಿಡಿಸಿಕೊಳ್ಳಬೇಕು. ಅಂಥದ್ದಕ್ಕೆ ಕೊಳ್ಳುವವರು ಸುಲಭಕ್ಕೆ ಬರುವುದಿಲ್ಲ. ಹಾಗಾಗಿ ಸೈಟಿನ ಹರಾಜಿಗೇ ಒತ್ತು ಕೊಟ್ಟೆವು.

ನಡುವೆ ಕೊರೊನಾ ಬಂತು, ವಾಯಿದೆಗಳು ಮುಂದೆ ಹೋದವು. ಆ ಕಾಲದಲ್ಲಿ ವಕೀಲರು ಪದೇ ಪದೇ ಎಚ್ಚರಿಸಿದ್ದು ಒಂದೇ ವಿಷಯ: ಹಾಜರಾಗದೆ ಇ.ಪಿ. ವಜಾ ಆದರೆ, ಜಪ್ತಿ ಮುಂದುವರಿಯಲಿ ಅಂತ ಕೋರ್ಟು ಬರೆಯದಿದ್ದರೆ, ಜಪ್ತಿಯೂ ಅಲ್ಲಿಗೇ ಮುಗಿಯುತ್ತದೆ. ಕಷ್ಟಪಟ್ಟು ಹಿಡಿದ ಆಸ್ತಿ ಒಂದು ವಾಯಿದೆ ತಪ್ಪಿದ್ದಕ್ಕೆ ಕೈಬಿಟ್ಟುಹೋದವರನ್ನು ನಾನು ಬಲ್ಲೆ. ಡೈರಿಯಲ್ಲಿ ವಾಯಿದೆ ಬರೆದಿಟ್ಟುಕೊಳ್ಳಿ, ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಿಂದಿನ ದಿನ ಇನ್ನೊಮ್ಮೆ ನೋಡಿ.

2022ರಲ್ಲಿ ಹರಾಜು ಉದ್ಘೋಷಣೆಯ, ಅಂದರೆ ಹರಾಜಿನ ಪ್ರಕಟಣೆಯ, ಹಂತ ಬಂತು. ಆಸ್ತಿಯ ಬೆಲೆ ಎಷ್ಟು ಅಂತ ಎರಡೂ ಕಡೆಯವರು ಹೇಳುತ್ತಾರೆ, ಉದ್ಘೋಷಣೆಯಲ್ಲಿ ಎರಡನ್ನೂ ಬರೆಯುತ್ತಾರೆ. ನಾವು ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ಅಜಗಜಾಂತರವಿತ್ತು. ಬಾಕಿಗೆ ಬೇಕಾದಷ್ಟೇ ಆಸ್ತಿ ಮಾರಬೇಕು, ಒಂದು ಭಾಗ ಮಾರಿದರೆ ಸಾಕಾಗುವಾಗ ಪೂರ್ತಿ ಮಾರಬಾರದು ಅನ್ನುವುದನ್ನು ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ. ಹರಾಜಿನಲ್ಲಿ ಗೆದ್ದವರು ಆಗಿಂದಾಗ್ಗೆ ನೂರಕ್ಕೆ 25 ಕಟ್ಟಬೇಕು, ಉಳಿದದ್ದನ್ನು 15 ದಿನದಲ್ಲಿ. ಹರಾಜಾದ ಮೇಲೂ ಸಾಲಗಾರರಿಗೆ ದಾರಿ ಇದೆ. 60 ದಿನದೊಳಗೆ ಡಿಕ್ರಿಯ ಬಾಕಿಯನ್ನೂ, ಕೊಂಡವರಿಗೆ ಹರಾಜು ಬೆಲೆಯ ನೂರಕ್ಕೆ 5ನ್ನೂ ಕಟ್ಟಿದರೆ ಹರಾಜು ರದ್ದಾಗುತ್ತದೆ. ಇಷ್ಟೆಲ್ಲ ಅವಕಾಶ ಇರುವುದು ಒಳ್ಳೆಯದೇ. ಹಣದ ಬಾಕಿಗಾಗಿ ಯಾರ ಆಸ್ತಿಯೂ ಕವಡೆ ಬೆಲೆಗೆ ಹೋಗಬಾರದು.

ಆ ಹೊತ್ತಿಗೆ ಕಂಟ್ರಾಕ್ಟರ್ ಆ ಸೈಟಿಗೆ ಒಬ್ಬ ಗಿರಾಕಿಯನ್ನು ಹುಡುಕಿಕೊಂಡಿದ್ದರು. ಗಿರಾಕಿ ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನ ವಕೀಲರು ಇ.ಸಿ. ತೆಗೆದರು. ಅದರಲ್ಲಿ ನಮ್ಮ ಇ.ಪಿ. ನಂಬರು. ಸಾಲ ನಿಂತಿತು, ವ್ಯಾಪಾರವೂ ನಿಂತಿತು. ಊರಿನ ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಅವರು ಅಂಗಡಿಗೆ ಬಂದರು. ಅಷ್ಟು ವರ್ಷದ ಮೇಲೆ ಅಂಗಡಿ ಮೆಟ್ಟಿಲು ಹತ್ತಿದ್ದು ಆವತ್ತೇ.

"ಯಜಮಾನ್ರೇ, ಅಸಲು ಕೊಟ್ಟುಬಿಡ್ತೀನಿ, ಬಡ್ಡಿ ಬಿಟ್ಟುಬಿಡಿ. ನಮ್ಮ ನಿಮ್ಮ ಸಂಬಂಧ ಇವತ್ತಿನದಾ?" ಅಂದರು.

ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸಂಬಂಧ ಅಂತಲೇ ಅಷ್ಟು ಸಾಮಾನು ಕೊಟ್ಟಿದ್ದು ಕಣಪ್ಪ. ನಾನು ಕಂಪನಿಗೆ ಬಡ್ಡಿ ಕಟ್ಟಿದೀನಿ. ಕೋರ್ಟು ಎಷ್ಟು ಬರೆದಿದೆಯೋ ಅಷ್ಟು ಕೊಡು, ಒಂದು ರೂಪಾಯಿ ಹೆಚ್ಚು ಬೇಡ" ಅಂದರು. ಕಾಫಿ ತರಿಸಿದರು. ಅವರು ಕುಡಿದು ಹೋದರು.

ಒಪ್ಪಂದ ಮಾಡಿಕೊಳ್ಳುವವರಿಗೆ ಇಲ್ಲೊಂದು ಮಾತು. ಕೋರ್ಟಿನ ಹೊರಗೆ ಹಣ ಕೈಬದಲಾದರೆ ಅದನ್ನು ಕೋರ್ಟಿನಲ್ಲಿ ದಾಖಲಿಸಲೇಬೇಕು. ದಾಖಲಾಗದ ಪಾವತಿಯನ್ನು ಅಮಲ್ಜಾರಿ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೊಟ್ಟವರಿಗೂ ಅದು ಅಪಾಯ, ಪಡೆದವರಿಗೂ ಮುಂದೆ ಜಗಳ. ಕಂತಿನಲ್ಲಿ ಕೊಟ್ಟರೆ ಬೇರೆ ಮಾತುಕತೆ ಇಲ್ಲದಿದ್ದರೆ ಅದು ಮೊದಲು ಬಡ್ಡಿಗೆ ಮತ್ತು ಖರ್ಚಿಗೆ, ಆಮೇಲೆ ಅಸಲಿಗೆ ಹೋಗುತ್ತದೆ ಅನ್ನುವುದೂ ಗೊತ್ತಿರಲಿ.

2023ರಲ್ಲಿ ಹರಾಜಿನ ದಿನ ಗೊತ್ತಾಯಿತು. ಪತ್ರಿಕೆಯಲ್ಲೂ ಬಂತು. ಹರಾಜಿನ ಹಿಂದಿನ ದಿನ ಅವರ ವಕೀಲರು ಪೂರ್ತಿ ಬಾಕಿಯನ್ನು ಕೋರ್ಟಿನಲ್ಲಿ ಕಟ್ಟಿದರು. ಅಸಲು, ಬಡ್ಡಿ, ಖರ್ಚು ಸೇರಿ 13 ಲಕ್ಷ ದಾಟಿತ್ತು. ಹೀಗೆ ಸುತ್ತಿಗೆ ಬೀಳುವ ಮುಂಚೆ ಹಣ ಕಟ್ಟಿದರೆ ಹರಾಜು ನಿಲ್ಲಿಸಲೇಬೇಕು. ನಾವು ಅರ್ಜಿ ಹಾಕಿ ಹಣ ಪಡೆದುಕೊಂಡೆವು, ಬಾಕಿ ಪೂರ್ತಿ ತೀರಿದೆ ಅಂತ ಮೆಮೊಗೆ ನಾನು ಸಹಿ ಹಾಕಿದೆ, ಇ.ಪಿ. ಮುಕ್ತಾಯವಾಯಿತು. ಅಪ್ಪ ಮೊದಲು ತೀರಿಸಿದ್ದು ಅಮ್ಮನ ಬಳೆಯ ಸಾಲವನ್ನು.

ಹಣ ಬಂದ ಮೇಲೆ ನಮ್ಮ ಕಡೆಯ ಕರ್ತವ್ಯವೂ ಒಂದಿದೆ. ಜಪ್ತಿ ತೆರವಾದ ಆದೇಶ ಸಬ್ ರಿಜಿಸ್ಟ್ರಾರ್‌ಗೂ ತಹಶೀಲ್ದಾರ್‌ಗೂ ಹೋಗಬೇಕು, ಇಲ್ಲದಿದ್ದರೆ ಸಾಲ ತೀರಿಸಿದವರ ಆಸ್ತಿಯ ಮೇಲೆ ವರ್ಷಗಟ್ಟಲೆ ನಮ್ಮ ಹೆಸರು ಕೂತಿರುತ್ತದೆ. ಹಾಕಿಸುವಾಗ ಎಷ್ಟು ಓಡಾಡಿದೆನೋ ತೆಗೆಸುವಾಗಲೂ ಓಡಾಡಿದೆ. ತೋಟದ ಪಹಣಿಯ 11ನೇ ಕಾಲಂ ಖಾಲಿಯಾದ ಪ್ರತಿಯನ್ನು ಕಂಟ್ರಾಕ್ಟರ್ ತಂಗಿಯ ವಿಳಾಸಕ್ಕೂ ಒಂದು ಕಳಿಸಿದೆ.

ಈಗ ಅಂಗಡಿಯಲ್ಲಿ ದೊಡ್ಡ ಮೊತ್ತಕ್ಕೆ ಸಾಲದ ಮೇಲೆ ಸಾಮಾನು ಕೊಡುವಾಗ ಕಂಟ್ರಾಕ್ಟರಿಂದ ಒಂದು ಖಾತಾ ನಕಲನ್ನೋ ಪಹಣಿಯನ್ನೋ, ಇತ್ತೀಚಿನ ಇ.ಸಿ.ಯನ್ನೋ ತೆಗೆದುಕೊಳ್ಳುತ್ತೇನೆ. ಡೆಲಿವರಿ ಚೀಟಿಯಲ್ಲಿ ಪಡೆದವರ ಪೂರ್ತಿ ಹೆಸರು, ಸಹಿ, ಫೋನ್ ನಂಬರು ಇರಲೇಬೇಕು. ಬಡ್ಡಿ ದರವನ್ನು ಬಿಲ್ಲಿನಲ್ಲೇ ಅಚ್ಚು ಹಾಕಿಸಿದ್ದೇನೆ. ಕೆಲವರಿಗೆ ಬೇಜಾರಾಗುತ್ತದೆ, "ನಮ್ಮ ಮೇಲೆ ನಂಬಿಕೆ ಇಲ್ವಾ ಅಕ್ಕ" ಅನ್ನುತ್ತಾರೆ. ನಂಬಿಕೆ ಇರುವುದಕ್ಕೇ ಸಾಲ ಕೊಡುತ್ತಿದ್ದೇನೆ, ಕಾಗದ ಇಬ್ಬರಿಗೂ ಇರಲಿ ಅಂತ ಹೇಳಿ ತೆಗೆದುಕೊಳ್ಳುತ್ತೇನೆ. ಡಿಕ್ರಿ ಹಿಡಿದುಕೊಂಡು ಬರುವವರು ಬರುವಾಗ ಡಿಕ್ರಿಯ ಪ್ರತಿ, ಎದುರಾಳಿಯ ಪೂರ್ತಿ ಹೆಸರು, ತಂದೆಯ ಹೆಸರು, ಅವರ ಊರಿನ ಹೋಬಳಿ ಬರೆದುಕೊಂಡು ಬನ್ನಿ. ಪಹಣಿ ಹುಡುಕಲು ಕೂರೋಣ.